ಬಿಳಿಯ ಎಲೆಯ ಋಣ

ಸಾಕುವುದೆಂದರೆ ಏನೆಂಬ ಪ್ರಶ್ನೆ ಮೇಲ್ನೋಟಕ್ಕೆ ಸುಲಭವಾಗಿ ತೋರುತ್ತದೆ. ಅನ್ನ ನೀರು ಕೊಟ್ಟು, ಬಿಸಿಲು ಗಾಳಿಗಳಿಂದ ಕಾಪಾಡಿ, ಬದುಕಿಸುವುದೇ ಸಾಕಣೆಯೆಂದು ಯಾರಾದರೂ ಉತ್ತರ ಹೇಳಿಯಾರು. ಆದರೆ ಸಾಕುವವನು ಸಾಕುವುದು ಯಾರ ಹಿತಕ್ಕಾಗಿ? ತನ್ನ ಆಶ್ರಯದಲ್ಲಿರುವ ಜೀವದ ಹಿತಕ್ಕಾಗಿಯೊ, ತನ್ನ ಕಣ್ಣಿನ ಹಬ್ಬಕ್ಕಾಗಿಯೊ? ಹೀಗೆ ಕೇಳಿದೊಡನೆ ಉತ್ತರ ತಡವರಿಸುತ್ತದೆ. ಈ ತೊಡಕನ್ನು ಬಿಡಿಸಿ ನೋಡುವುದಕ್ಕೆ ದೊಡ್ಡ ದೃಷ್ಟಾಂತಗಳು ಬೇಕಾಗಿಲ್ಲ. ಪಟ್ಟಣದ ಮನೆಗಳ ಪಡಸಾಲೆಯಲ್ಲಿ, ಕುಂಡದಲ್ಲಿಯೋ ನೀರು ತುಂಬಿದ ಸೀಸೆಯಲ್ಲಿಯೋ ಬೆಳೆಯುವ ಮನಿಪ್ಲಾಂಟ್ ಬಳ್ಳಿಯೊಂದೇ ಸಾಕು. ಅದರಲ್ಲಿಯೂ ಹಸುರಿನ ಮೇಲೆ ಹಾಲು ಚೆಲ್ಲಿದಂತೆ ಬಿಳಿಯ ಮಚ್ಚೆಗಳಿರುವ, ತೋಟಗಾರರು ‘ಮಾರ್ಬಲ್ ಕ್ವೀನ್’ ಎಂದು ಕರೆಯುವ ಬಗೆ.

ಈ ಬಳ್ಳಿಯ ತವರು ಶಾಂತಸಾಗರದ ಸೊಸೈಟಿ ದ್ವೀಪಗಳಲ್ಲೊಂದಾದ ಮೊರೆಯಾ. ಯೂರೋಪಿನ ಸಸ್ಯಶಾಸ್ತ್ರಜ್ಞರು ಇದನ್ನು 1880ರಲ್ಲಿ ಮೊದಲು ವರ್ಣಿಸಿದರು. ಇದು ಹೂ ಬಿಡುವುದು ಅತ್ಯಪೂರ್ವವಾದುದರಿಂದ ಇದರ ಕುಲ ಯಾವುದೆಂಬ ಜಿಜ್ಞಾಸೆ ಬಹುಕಾಲ ನಡೆದು, 1964ರಲ್ಲಿ ಇದು ಈಗಿನ ಎಪಿಪ್ರೆಮ್ನಮ್ ಕುಲಕ್ಕೆ ಸೇರಿತು. ಹೂ ತಳೆಯಲು ಅಗತ್ಯವಾದ ಜಿಬ್ಬೆರೆಲಿನ್ ಎಂಬ ದ್ರವ್ಯವನ್ನು ಈ ಬಳ್ಳಿ ತಾನಾಗಿ ಸಾಕಷ್ಟು ಸಿದ್ಧಪಡಿಸಿಕೊಳ್ಳಲಾರದೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಹೂವಿಲ್ಲದ ಮೇಲೆ ಬೀಜವೂ ಇಲ್ಲ. ಆದುದರಿಂದ ಒಂದು ಮನೆಯ ಬಳ್ಳಿಯೆಂದರೆ ಇನ್ನೊಂದು ಬಳ್ಳಿಯಿಂದ ಗಿಣ್ಣು ಸಹಿತವಾಗಿ ಕತ್ತರಿಸಿ ತಂದ ತುಂಡು. ಕದ್ದು ತಂದ ಬಳ್ಳಿಯೇ ಮನೆಗೆ ಹಣವನ್ನು ತರುತ್ತದೆಂಬ ನಂಬಿಕೆಯೂ ಜನರಲ್ಲುಂಟು. ಆ ನಂಬಿಕೆಯ ನೀತಿ ಹೇಗೆಯೇ ಇರಲಿ, ಬಳ್ಳಿಯು ಮನೆಯಿಂದ ಮನೆಗೆ ಮನುಷ್ಯನ ಕೈ ಹಿಡಿದೇ ನಡೆದು ಬಂದಿದೆಯೆಂಬುದಕ್ಕೆ ಅದು ಸಾಕ್ಷಿ.

ಇನ್ನು ಅದರ ಚೆಲುವು. ಎಲೆಯ ಮೇಲಿನ ಬಿಳುಪು ಬಳಿದ ಬಣ್ಣವಲ್ಲ, ಒಂದು ಕೊರತೆ. ಬೆಳಕನ್ನು ಹಿಡಿದು ಆಹಾರವನ್ನು ಸಿದ್ಧಪಡಿಸುವ ಪತ್ರಹರಿತ್ತು ಆ ಭಾಗದಲ್ಲಿಲ್ಲ. ಹಸುರು ಭಾಗ ದುಡಿಯುತ್ತದೆ. ಬಿಳಿಯ ಭಾಗ ಅದರ ದುಡಿಮೆಯನ್ನು ಉಣ್ಣುತ್ತದೆ. ಜರ್ಮನಿಯ ವಿಜ್ಞಾನಿ ಕಾರ್ಲ್ ಕೊರೆನ್ಸ್ 1909ರಲ್ಲಿ ನಮ್ಮ ಹಿತ್ತಿಲುಗಳಿಗೆ ಪರಿಚಿತವಾದ ಸಂಜೆಮಲ್ಲಿಗೆಯ ಮೇಲೆ ನಡೆಸಿದ ಪ್ರಯೋಗ ಇದನ್ನು ಬೇರೊಂದು ರೀತಿಯಲ್ಲಿ ತೋರಿಸುತ್ತದೆ. ಮಚ್ಚೆಯುಳ್ಳ ಗಿಡದಲ್ಲಿ ಪೂರ್ತಿ ಬೆಳ್ಳಗಾದ ಕೊಂಬೆಯ ಬೀಜಗಳಿಂದ ಬಿಳಿಯ ಸಸಿಗಳೇ ಹುಟ್ಟಿದವು. ತಾಯಿ ಕಟ್ಟಿಕೊಟ್ಟ ಬುತ್ತಿ ತೀರಿದ ಮೇಲೆ ಅಂತಹ ಸಸಿಗಳು ಬದುಕಲಾರವು.

ಇಲ್ಲಿಂದಲೇ ಧರ್ಮಸೂಕ್ಷ್ಮ ಮೊದಲಾಗುತ್ತದೆ. ಮಚ್ಚೆಯ ಬಳ್ಳಿಯಲ್ಲಿ ಒಮ್ಮೊಮ್ಮೆ ಅಚ್ಚ ಹಸುರಿನ ಕುಡಿಯೊಂದು ಹೊರಡುವುದುಂಟು. ಅದು ಉಳಿದ ಕುಡಿಗಳಿಗಿಂತ ಬಲವಾಗಿ, ಬೇಗನೆ ಬೆಳೆಯುತ್ತದೆ; ಬಿಟ್ಟರೆ ಬಿಳುಪನ್ನು ಹಿಂದಿಕ್ಕಿ ಬಳ್ಳಿಯನ್ನೆಲ್ಲ ಆಕ್ರಮಿಸುತ್ತದೆ. ಬಳ್ಳಿಯ ದೃಷ್ಟಿಯಿಂದ ಇದು ಆರೋಗ್ಯ. ಒಡೆಯನ ದೃಷ್ಟಿಯಿಂದ ಕೇಡು. ಅವನು ಕತ್ತರಿಯನ್ನು ತಂದು ಆ ಕುಡಿಯನ್ನೇ ಕತ್ತರಿಸುತ್ತಾನೆ. ರೋಗದ ಕೊಂಬೆಯನ್ನು ಕಡಿಯುವುದು ಎಲ್ಲ ತೋಟಗಾರಿಕೆಯ ನಿಯಮ. ಇಲ್ಲಿಯಾದರೋ ಗಟ್ಟಿಯಾದ ಕೊಂಬೆಯನ್ನು ಕಡಿಯುವುದೇ ಆರೈಕೆ. ಇಷ್ಟೇ ಅಲ್ಲ. ಮರವನ್ನು ಹತ್ತಲು ಬಿಟ್ಟ ಈ ಬಳ್ಳಿಯ ಎಲೆಗಳು ಮೊರದಗಲವಾಗಿ, ಅಂಚು ಸೀಳಿ, ಗುರುತು ಸಿಗದಷ್ಟು ಬೇರೆಯಾಗುತ್ತವೆ. ಪಡಸಾಲೆಯಲ್ಲಿ ಜೋತುಬಿದ್ದ ಬಳ್ಳಿಯ ಅಂಗೈಯಗಲದ ಎಲೆ ಅದರ ಬಾಲ್ಯದ ಎಲೆ. ಹತ್ತು ವರ್ಷ ಸಾಕಿದರೂ ಅದು ಪ್ರಾಯಕ್ಕೆ ಬಾರದು.

ಗಿಡಕ್ಕೆ ನೋವೇ ಇಲ್ಲದಿರುವಾಗ ಈ ವಿಚಾರವೇತಕ್ಕೆ ಎಂದು ಆಕ್ಷೇಪಿಸಬಹುದು. ಜಗದೀಶಚಂದ್ರ ಬೋಸರು (1858–1937) ಸಸ್ಯಗಳು ಪ್ರಚೋದನೆಗೆ ಪ್ರತಿಕ್ರಿಯೆ ತೋರುವುದನ್ನು ಸೂಕ್ಷ್ಮ ಯಂತ್ರಗಳಿಂದ ಕಾಣಿಸಿದರು, ನಿಜ. ಆದರೆ ಪ್ರತಿಕ್ರಿಯೆಯಿರುವಲ್ಲೆಲ್ಲ ನೋವುಂಟೆಂದು ಹೇಳಲು ಬರುವುದಿಲ್ಲ. ಆಕ್ಷೇಪವನ್ನು ಒಪ್ಪಿಕೊಳ್ಳೋಣವೆಂದರೂ ಪ್ರಶ್ನೆ ಮುಗಿಯುವುದಿಲ್ಲ. ಏಕೆಂದರೆ ಕೈಗೆ ಹತ್ತಿದ ಅಭ್ಯಾಸ ಮನಸ್ಸಿಗೂ ಹತ್ತುತ್ತದೆ. ಒಂದು ಮನೆಯಲ್ಲಿ ಮೃದು ಸ್ವಭಾವದ ಮಗನಿದ್ದಾನೆಂದು ಭಾವಿಸಬಹುದು. ಅವನು ಎದುರುತ್ತರ ಕೊಡುವವನಲ್ಲ; ಇಪ್ಪತ್ತೈದು ತುಂಬಿದರೂ ಅಂಗಿಯ ಬಟ್ಟೆಯನ್ನು ಅಮ್ಮನೇ ಆರಿಸಬೇಕು. ತಂದೆತಾಯಿಗಳು ಬಂದವರ ಮುಂದೆ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಎಂದಾದರೊಂದು ದಿನ ಅವನು ದೂರದ ಊರಿನ ಕೆಲಸದ ಮಾತೆತ್ತಿದರೆ, “ನಿನ್ನ ಕೈಯಲ್ಲಿ ಅದೆಲ್ಲ ಆದೀತೇನಪ್ಪ?” ಎಂಬ ಒಂದೇ ಮಾತಿನಿಂದ ಆ ಕುಡಿಯನ್ನು ಚಿವುಟಿಬಿಡುತ್ತಾರೆ. ಅವರಲ್ಲಿ ಪ್ರೀತಿಯಿಲ್ಲವೆಂದು ಹೇಳುವಂತಿಲ್ಲ. ಆದರೆ ಅವರ ಪ್ರೀತಿ ಮಗನ ದೌರ್ಬಲ್ಯವನ್ನು ಉಂಡು ಬೆಳೆದಿದೆ. ಅವನು ಬಲಗೊಂಡರೆ ಅದಕ್ಕೆ ಆಹಾರವಿಲ್ಲ.

ಹಾಗಾದರೆ ಬಳ್ಳಿಯನ್ನು ಹೊರಗೆ ಬಿಟ್ಟುಬಿಡುವುದೇ ಧರ್ಮವೆ? ಅದೂ ಅಲ್ಲ. ಬಿಳಿಯ ಮಚ್ಚೆಯ ಬಗೆಯನ್ನು ಮನುಷ್ಯನೇ ಆರಿಸಿ, ತುಂಡಿನಿಂದ ತುಂಡಿಗೆ ಉಳಿಸಿಕೊಂಡು ಬಂದಿದ್ದಾನೆ. ತಾನು ಪರಾಧೀನವಾಗಿ ಮಾಡಿದುದನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಬೀದಿಗೆ ಹಾಕುವುದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯ ಮಾತ್ರ. ಮೇಲಾಗಿ, ಶ್ರೀಲಂಕೆ, ಫ್ಲಾರಿಡಾ ಮುಂತಾದ ಬೆಚ್ಚನೆಯ ನಾಡುಗಳಲ್ಲಿ ಮನಿಪ್ಲಾಂಟ್ ತೋಟದಿಂದಾಚೆಗೆ ಹಬ್ಬಿ, ಕಾಡಿನ ನೆಲವನ್ನು ಮುಚ್ಚಿ, ಅಲ್ಲಿಯ ಗಿಡಗಳನ್ನು ಅಡಗಿಸುವ ಕಳೆಯಾಗಿದೆ.

ಇಲ್ಲಿ ಮಗನಿಗೂ ಬಳ್ಳಿಗೂ ಇರುವ ಭೇದವನ್ನು ಮರೆಯಬಾರದು. ಮಗನ ಕುಡಿಯನ್ನು ಚಿವುಟುವ ಹಕ್ಕು ಯಾರಿಗೂ ಇಲ್ಲ; ಅವನು ನಾಳೆ ತನ್ನ ಬಾಳನ್ನು ತಾನೇ ನಡೆಸತಕ್ಕವನು. ಬಳ್ಳಿಯ ವಿಷಯದಲ್ಲಿ ಹಕ್ಕುಂಟು. ಆದರೆ ಆ ಹಕ್ಕು ಋಣದೊಡನೆ ಬಂದ ಹಕ್ಕು. ತನ್ನ ಸಂತೋಷಕ್ಕಾಗಿ ಒಂದು ಜೀವದ ಕೊರತೆಯನ್ನು ಉಳಿಸಿಕೊಂಡವನು ಆ ಕೊರತೆಯನ್ನು ದಿನದಿನವೂ ತುಂಬಿಕೊಡಬೇಕು.

ಋಣ ತೀರಿಸುವ ಬಗೆ ಕಠಿನವಲ್ಲ, ನಿತ್ಯದ್ದು. ಹಸುರು ಕಡಿಮೆಯಾದ ಬಳ್ಳಿಗೆ ಬೆಳಕು ಹೆಚ್ಚು ಬೇಕು. ಆದುದರಿಂದ ಅದಕ್ಕೆ ತಕ್ಕುದು ಕತ್ತಲೆಯ ಮೂಲೆಯಲ್ಲ, ಮೂಡಣದ ಕಿಟಕಿ. ನಡುಹಗಲಿನ ಬಿಸಿಲು ಬಿಳಿಯ ಭಾಗವನ್ನು ಸುಟ್ಟು ಕಂದಾಗಿಸುತ್ತದೆ. ತೆಳುವಾದ ಪರದೆ ಇರಬೇಕು. ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು. ಪ್ರೀತಿ ಉಕ್ಕಿದಾಗಲೆಲ್ಲ ಎರೆದರೆ ಬೇರು ಕೊಳೆಯುತ್ತದೆ. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ತೆಂಗಿನ ನಾರು ಸುತ್ತಿದ ಕೋಲೊಂದನ್ನು ನಿಲ್ಲಿಸಿದರೆ ಬಳ್ಳಿ ಹತ್ತುತ್ತದೆ, ಎಲೆ ದೊಡ್ಡದಾಗುತ್ತದೆ. ಮನೆಯೊಳಗೂ ಅದು ಅಷ್ಟರಮಟ್ಟಿಗೆ ಬೆಳೆಯಲಿ. ಬಿಳುಪಿನ ಆಸೆಗೆ ಅತಿ ಬಿಳಿಯ ತುಂಡನ್ನೇ ಆರಿಸಿ ನೆಡಬಾರದು. ಕುಡಿ ಪೂರ್ತಿ ಬೆಳ್ಳಗಾದರೆ ಹಸುರು ಕಾಣುವ ಗಿಣ್ಣಿನವರೆಗೆ ಹಿಂದಕ್ಕೆ ಕತ್ತರಿಸಬೇಕು, ಆ ಎಲೆಗಳು ಎಷ್ಟೇ ಸುಂದರವಾಗಿರಲಿ.

ಕೊನೆಯ ಈ ಕತ್ತರಿಕೆಯಲ್ಲಿಯೇ ಸಾಕುವವನ ಪರೀಕ್ಷೆ. ಹಸುರು ಕುಡಿಯನ್ನು ಕತ್ತರಿಸುವಾಗ ಅವನು ತನ್ನ ಕಣ್ಣಿಗಾಗಿ ಬಳ್ಳಿಯ ಬಲವನ್ನು ಬೇಡುತ್ತಾನೆ; ಬಿಳಿಯ ಕುಡಿಯನ್ನು ಕತ್ತರಿಸುವಾಗ ಬಳ್ಳಿಯ ಬಲಕ್ಕಾಗಿ ತನ್ನ ಕಣ್ಣಿನ ಸುಖವನ್ನು ಕೊಡುತ್ತಾನೆ. ಮೊದಲನೆಯದನ್ನು ಮಾತ್ರ ಬಲ್ಲವನು ಚೆಲುವನ್ನು ಸಂಗ್ರಹಿಸಿದವನು; ಎರಡನೆಯದನ್ನೂ ಮಾಡಬಲ್ಲವನು ಸಾಕಿದವನು.