ಮನಸ್ಸಿನ ಮದ್ದಿಗೆ ಎಷ್ಟು ದಿನ?

ಕಾಲು ಮುರಿದುಕೊಂಡವನು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ, "ಎಷ್ಟು ದಿನ ಬೇಕು?" ಎಂಬುದು. ಮನಸ್ಸು ನೊಂದವನೂ ಅದನ್ನೇ ಕೇಳುತ್ತಾನೆ. ಮೊದಲನೆಯವನಿಗೆ ಉತ್ತರ ಹೇಳುವುದು ಸುಲಭ. ಎರಡನೆಯವನಿಗೆ ಅಷ್ಟು ಸುಲಭವಲ್ಲ.

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ಅವನಿಗೆ ರಾತ್ರಿ ನಿದ್ರೆಯಿಲ್ಲ. ಮೇಲಧಿಕಾರಿ ಕರೆದರೆ ಎದೆ ನಡುಗುತ್ತದೆ. ಇಂಥವರಿಗೆಂದು ಅನೇಕ ಕಂಪನಿಗಳು ತಮ್ಮ ಖರ್ಚಿನಲ್ಲಿ ಆಪ್ತಸಲಹೆ ಒದಗಿಸುವುದುಂಟು. ಆದರೆ ಸಾಮಾನ್ಯವಾಗಿ ಅದು ಬೆರಳೆಣಿಕೆಯ ಭೇಟಿಗಳಿಗೆ ಮಾತ್ರ. ಪೀಣ್ಯದ ಲೇತ್ ಕೆಲಸಗಾರನಾದರೋ ಒಂದು ಗಂಟೆಯ ಮಾತಿಗಾಗಿ ಅರ್ಧ ದಿನದ ಕೂಲಿಯನ್ನು ಬಿಡಬೇಕು. ಹೀಗೆ ಚಿಕಿತ್ಸೆಯ ಅವಧಿಯನ್ನು ಗೊತ್ತುಮಾಡುವುದು ನೋವಲ್ಲ, ಕಾಸು. ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮಾತಿನ ಚಿಕಿತ್ಸೆಗೆ ದಾರಿ ಹಾಕಿದ ಫ್ರಾಯ್ಡ್ ಎರಡು ಬಗೆಯನ್ನೂ ಕಂಡವನು. 1910ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಸಂಗೀತಗಾರ ಮಾಹ್ಲರ್ ಅವನನ್ನು ಭೇಟಿಯಾದ. ಇಬ್ಬರೂ ಸುಮಾರು ನಾಲ್ಕು ಗಂಟೆ ನಡೆದಾಡುತ್ತ ಮಾತನಾಡಿದರು, ಅಷ್ಟೇ. ಅದೇ ವರ್ಷ ಬಂದ ರಷ್ಯದ ಸಿರಿವಂತ ತರುಣನೊಬ್ಬನ ಚಿಕಿತ್ಸೆ 1914ರವರೆಗೂ ನಡೆಯಿತು. ಅದಾದರೂ ಮುಗಿದದ್ದು ಫ್ರಾಯ್ಡನೇ ಒಂದು ಗಡುವು ಹಾಕಿದ ಮೇಲೆ! ಮುಂದೆಯೂ ಆತ ಚಿಕಿತ್ಸೆಗೆ ಮರಳಿ ಬರಬೇಕಾಯಿತು. ದೀರ್ಘವಾದದ್ದೆಲ್ಲ ಪೂರ್ಣವೆಂದಲ್ಲ.

1986ರಲ್ಲಿ ಅಮೆರಿಕದ ಹೋವರ್ಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. 8 ಭೇಟಿಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಜನ, 26ರ ಹೊತ್ತಿಗೆ ಮುಕ್ಕಾಲು ಪಾಲು ಜನ ಸುಧಾರಿಸಿದ್ದರು. ಅಲ್ಪಾವಧಿಯ ಚಿಕಿತ್ಸೆ ಕಣ್ಣೊರೆಸುವ ಉಪಾಯವೆಂದು ಹಳಿಯುವುದು ಸಲ್ಲದು. ಆದರೆ ಉಳಿದ ಕಾಲು ಪಾಲಿನವರು ಏನು ತಪ್ಪು ಮಾಡಿದರು?

ಹೆಸರಿಟ್ಟು ತೋರಿಸಬಹುದಾದ ಭಯಕ್ಕೆ, ಒಂದು ದುಃಖಕ್ಕೆ, ಕೆಲವು ವಾರಗಳು ಸಾಕಾದೀತು. ಕೆಲಸ ಬದಲಾದರೂ ಮನೆ ಬದಲಾದರೂ ಅದೇ ಜಗಳ, ಅದೇ ಅಂಜಿಕೆ ಬೆನ್ನು ಬಿಡದಿದ್ದರೆ ಅದರ ಬೇರು ಬಾಲ್ಯದಲ್ಲಿದ್ದರೂ ಇರಬಹುದು. ಅದನ್ನು ಮುಟ್ಟುವುದಕ್ಕೆ ಕಾಲ ಬೇಕು, ನಂಬಿಕೆ ಬೇಕು.

ಎರಡರಲ್ಲಿಯೂ ಅಪಾಯವಿದೆ. ಬೇಗ ಮುಗಿಸುವ ಆತುರದಲ್ಲಿ ಮನುಷ್ಯನನ್ನು ಯಂತ್ರದಂತೆ ರಿಪೇರಿ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಿಬಿಡಬಹುದು. ನಿದ್ರೆ ಕೆಡಿಸಿದ ರಾತ್ರಿಪಾಳಿ ಮಾತ್ರ ಹಾಗೆಯೇ ಉಳಿಯುತ್ತದೆ. ದೀರ್ಘವಾದರೆ ಊರುಗೋಲೇ ಕಾಲಾಗಿಬಿಡಬಹುದು. ಬಿಡಿಸುವವರಿಗೂ ಬಿಡಿಸುವ ಅವಸರವಿರದು, ಏಕೆಂದರೆ ಪ್ರತಿ ಭೇಟಿಗೂ ಶುಲ್ಕವುಂಟು.

ಆದ್ದರಿಂದ "ಎಷ್ಟು ದಿನ?" ಎನ್ನುವುದರ ಜೊತೆಗೆ "ಏತಕ್ಕಾಗಿ?" ಎಂದೂ ಕೇಳಬೇಕು. ಗುರಿ ಏನು, ಎಂದು ಮತ್ತೆ ಕೂತು ಲೆಕ್ಕ ನೋಡೋಣ, ಗುಣ ಕಾಣದಿದ್ದರೆ ಮುಂದೇನು ಎಂಬುದನ್ನು ಚಿಕಿತ್ಸಕರು ಮೊದಲೇ ಹೇಳಬೇಕು. ಕೇಳುವುದಕ್ಕೆ ರೋಗಿ ಸಂಕೋಚಪಡಬಾರದು.

ಬೆಂಗಳೂರಿಗೆ ಈ ವಿದ್ಯೆ ಹೊಸತೇನಲ್ಲ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿ ಆರಂಭವಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಪೀಣ್ಯದ ಕೆಲಸಗಾರನಿಗೂ ಮೊದಲ ಮಾತಿಗೆ ಬಾಗಿಲು ತೆರೆದಿದೆ. ಆದರೆ ಎರಡನೆಯ ಮಾತಿಗೂ ಇಪ್ಪತ್ತನೆಯ ಮಾತಿಗೂ ಅವನಿಗೆ ಕೂಲಿ ತಪ್ಪದಂತೆ ಬಿಡುವು ಕೊಡುವವರು ಯಾರು? ಆ ಹೊಣೆ ವೈದ್ಯರೊಬ್ಬರದೇ ಅಲ್ಲ. ಕೆಲಸ ಕೊಟ್ಟವರದೂ ಹೌದು, ನಮ್ಮದೂ ಹೌದು.