ನಡುವೆ ನಿಂತ ಮುಳ್ಳು

ಕಳೆದ ತಿಂಗಳು ನನ್ನ ಹಳೆಯ ಕಾರನ್ನು ಕೊಳ್ಳಲೆಂದು ಒಬ್ಬ ಯುವಕ ನೋಡಲು ಬಂದಿದ್ದ. ಎಂಜಿನ್ ಚಾಲೂ ಮಾಡಿ, ಹತ್ತು ನಿಮಿಷ ಹಾಗೇ ಬಿಟ್ಟು, ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನೇ ನೋಡುತ್ತ ಕೂತ. ಮುಳ್ಳು ನಿಧಾನಕ್ಕೆ ಏರಿ ನಡುಮಧ್ಯದಲ್ಲಿ ನಿಂತಿತು. "ಗಾಡಿ ಹೀಟ್ ಆಗಲ್ಲ ಅಲ್ವಾ ಸರ್?" ಎಂದ. "ನೀವೇ ನೋಡ್ತಿದ್ದೀರಲ್ಲ" ಎಂದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅದಕ್ಕೆ ಕಾರಣ ಎಂಟು ತಿಂಗಳು ಹಿಂದಿನದು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮುಂದೆ ಲಾರಿಗಳ ಸಾಲು. ಎರಡನೇ ಗೇರು ಬಿಟ್ಟು ಮೇಲೆ ಹೋಗುವಂತಿರಲಿಲ್ಲ. ರೇಡಿಯೇಟರ್ ಫ್ಯಾನಿನ ನಿಜವಾದ ಕೆಲಸ ಇಂಥ ಕಡೆಯೇ. ಬಯಲಿನ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಮುಳ್ಳು ನಡುವಿನಿಂದ ಮೇಲೇರತೊಡಗಿತು. ಎಸಿ ಆರಿಸಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಿತು, ನಡುವಿಗಿಂತಲೂ ಕೆಳಕ್ಕೆ ಬಂತು. ಸದ್ಯ ಎಂದುಕೊಂಡು ಮತ್ತೆರಡು ಕಿಲೋಮೀಟರ್ ಓಡಿಸಿದೆ. ನಿಲ್ಲಿಸಿದ್ದು ಬಾನೆಟ್ಟಿನಿಂದ ಹಬೆ ಎದ್ದ ಮೇಲೆಯೇ.

ಸಕಲೇಶಪುರದ ಮೆಕ್ಯಾನಿಕ್ ಮೊದಲು ಸೀಳಿಹೋಗಿದ್ದ ಹೋಸ್ ಬದಲಿಸಿ ಕೂಲೆಂಟ್ ತುಂಬಿದ. ಆಮೇಲೆ ಒಂದೊಂದೇ ಪರೀಕ್ಷೆ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿದ; ಫ್ಯಾನ್ ತಿರುಗಲಿಲ್ಲ. ಸೆನ್ಸಾರಿನ ಕನೆಕ್ಟರ್ ಕಿತ್ತ, ಆಗಲೂ ತಿರುಗಲಿಲ್ಲ. ಬ್ಯಾಟರಿಯಿಂದ ನೇರ ವೈರ್ ಕೊಟ್ಟ, ತಿರುಗಿತು. ಹಾಗಾದರೆ ಮೋಟಾರು ಸರಿಯಿದೆ. ಹಾರ್ನಿನ ರಿಲೇ ತೆಗೆದು ಫ್ಯಾನಿನ ರಿಲೇ ಜಾಗದಲ್ಲಿ ಕೂರಿಸಿದ, ಫ್ಯಾನ್ ಓಡಿತು. ಕೆಟ್ಟಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ರಿಲೇ.

"ಹಾಗಾದ್ರೆ ಮುಳ್ಳು ಯಾಕೆ ಇಳೀತು?" ಎಂದು ಕೇಳಿದೆ.

"ಸೆನ್ಸಾರು ತನ್ನನ್ನ ಮುಟ್ಟಿದ್ದರ ಬಿಸಿ ಮಾತ್ರ ಹೇಳತ್ತೆ ಸಾರ್. ಅದನ್ನ ಮುಟ್ಟೋಕೆ ನೀರೇ ಇರ್ಲಿಲ್ಲ."

ಕೂಲೆಂಟ್ ಸೋರಿ ಸೆನ್ಸಾರ್ ಬರಿಯ ಗಾಳಿಯಲ್ಲಿ ನಿಂತಿತ್ತು. ಎಂಜಿನ್ ಬೇಯುತ್ತಿದ್ದಾಗಲೇ ನನಗೆ ತಂಪಿನ ಸುದ್ದಿ ಬಂದಿತ್ತು. ಅವನು ಇನ್ನೊಂದು ಮಾತನ್ನೂ ಹೇಳಿದ: "ಹೆಡ್ ಗ್ಯಾಸ್ಕೆಟ್ ಸದ್ಯಕ್ಕೆ ಹಿಡಿದಿದೆ. ಹೆಡ್ಡು ಬಾಗಿರಬಹುದು, ಬಾಗದೇನೂ ಇರಬಹುದು. ಬಿಚ್ಚಿ ನೋಡದೆ ಹೇಳಕ್ಕಾಗಲ್ಲ." ನಾನು ಬಿಚ್ಚಿಸಲಿಲ್ಲ.

ಆ ಭಯಕ್ಕೆ ಮೊಬೈಲಿಗೆ ಉಷ್ಣಾಂಶದ ಅಂಕಿ ಕಳಿಸುವ ಒಂದು ಸಣ್ಣ ಸ್ಕ್ಯಾನರ್ ಕೊಂಡೆ. ಅಂಕಿ 86, 91, 97 ಎಂದು ಏರುತ್ತಿತ್ತು. ಫ್ಯಾನ್ ಓಡಿದಾಗ ಮತ್ತೆ 92ಕ್ಕೆ ಇಳಿಯುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಕದಲುತ್ತಿರಲಿಲ್ಲ. ಅದು ಕೆಟ್ಟಿರಲಿಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳನ್ನು ಹಾಗೆಯೇ ಮಾಡಿರುತ್ತಾರೆ. ಸಹಜವಾದ ಏರಿಳಿತಕ್ಕೆ ಜನ ಗಾಬರಿಯಾಗದಿರಲಿ ಎಂದು ಒಂದು ಮಿತಿಯೊಳಗೆ ಅದು ನಡುವೆಯೇ ನಿಲ್ಲುತ್ತದೆ.

ಇದು ಮೋಸವೆಂದು ಮೊದಲು ಸಿಟ್ಟು ಬಂತು. ಯೋಚಿಸಿದಂತೆ ಸಿಟ್ಟು ಇಳಿಯಿತು. ಆ ಮುಳ್ಳು ಮುಚ್ಚಿಡುವುದು ಅಪಾಯವಿಲ್ಲದ ಏರಿಳಿತವನ್ನು. ಮಿತಿ ದಾಟಿದರೆ ಏರಿಯೇ ಏರುತ್ತದೆ. ಊರಿಂದ ಫೋನ್ ಬಂದಾಗ ಸಣ್ಣ ನೆಗಡಿಯಿದ್ದರೂ ಆರಾಮ ಎನ್ನುತ್ತೇವಲ್ಲ, ಅಂಥದ್ದು. ಹೇಳದೆ ಉಳಿದದ್ದೆಲ್ಲ ಸುಳ್ಳಲ್ಲ. ಆ ಮೌನ ಯಾರ ನೆಮ್ಮದಿಗಾಗಿ, ಅಪಾಯ ಬಂದಾಗ ಅದು ಮುರಿಯುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು.

ಯುವಕನಿಗೆ ನಾನು ಕೊಟ್ಟ ಉತ್ತರ ಎರಡರಲ್ಲೂ ಸೋತಿತ್ತು. ನೆಮ್ಮದಿ ನನ್ನದು, ಘಾಟಿಯಲ್ಲಿ ನಿಲ್ಲುವ ಗಾಡಿ ಅವನದು. ಎಂಟು ತಿಂಗಳಿಂದ ಏನೂ ಆಗಿಲ್ಲ, ಹೆಡ್ಡು ಬಾಗಿದೆ ಎಂದು ಯಾರೂ ಹೇಳಿಲ್ಲ, ಹಳೆ ಗಾಡಿ ಮಾರುವವರೆಲ್ಲ ಹೀಗೇ ಎಂದು ವಾದಿಸಿಕೊಂಡೆ. ನಾನು ಗೊತ್ತಿಲ್ಲ ಎನ್ನುವುದು ನಿಜವೇ. ಆದರೆ ತಿಳಿಯುವ ದಾರಿಯಿದ್ದೂ ಖರ್ಚಿಗೆ ಹೆದರಿ ತಿಳಿಯದೆ ಉಳಿದಿದ್ದೆ.

ಆಗ ಆ ಕನೆಕ್ಟರ್ ಕಿತ್ತ ಪರೀಕ್ಷೆ ನೆನಪಾಯಿತು. ಸೆನ್ಸಾರಿನ ಸುದ್ದಿ ನಿಂತುಹೋದರೆ ಎಷ್ಟೋ ಕಾರುಗಳ ಕಂಪ್ಯೂಟರು ಎಲ್ಲ ಸರಿಯಿದೆ ಎಂದುಕೊಳ್ಳುವುದಿಲ್ಲ. ಬಿಸಿಯಾಗಿರಬಹುದು ಎಂದೇ ಎಣಿಸಿ ಫ್ಯಾನ್ ಓಡಿಸುತ್ತದೆ. ನನ್ನ ಕಾರಿನಲ್ಲಿ ಅದು ಓಡದಿದ್ದದ್ದು ರಿಲೇ ಸತ್ತಿದ್ದರಿಂದ. ಗೊತ್ತಿಲ್ಲದಿರುವಾಗ ಆ ಯಂತ್ರ ಎಂಜಿನ್ನಿನ ಪರ ನಿಲ್ಲುತ್ತದೆ; ನಾನು ನನ್ನ ಪರ ನಿಂತಿದ್ದೆ.

ಮೂರನೆಯ ದಿನ ಫೋನ್ ಮಾಡಿದೆ. ಗಾಡಿ ಒಮ್ಮೆ ನೀರಿಲ್ಲದೆ ಓಡಿದೆ, ಹೆಡ್ ಬಿಚ್ಚಿ ನೋಡಿಲ್ಲ ಎಂದೆ. ಇಷ್ಟೇ ನನಗೆ ಗೊತ್ತಿದ್ದದ್ದು, ಹೇಳಬೇಕಿದ್ದದ್ದೂ ಇಷ್ಟೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳ್ಬಹುದಿತ್ತಲ್ಲ ಸರ್" ಎಂದ. ಆಮೇಲೆ ಬರಲಿಲ್ಲ.

ಕಾರು ಇನ್ನೂ ಮನೆಯ ಮುಂದಿದೆ. ಈ ವಾರ ಹೆಡ್ ಬಿಚ್ಚಿಸುತ್ತಿದ್ದೇನೆ. ಬಾಗಿದೆಯೋ ಇಲ್ಲವೋ ತಿಳಿಯುತ್ತದೆ. ಖರ್ಚು ಎಷ್ಟೇ ಆಗಲಿ, ಅದು ಮೊದಲಿನಿಂದಲೂ ನನ್ನದೇ ಆಗಿತ್ತು.