ದಡ ಮುಟ್ಟದವರ ಪುಣ್ಯ

ತೀರ್ಥಯಾತ್ರೆಯ ಫಲ ಯಾರಿಗೆ? ತೀರ್ಥ ಮುಟ್ಟಿದವರಿಗೋ, ಮುಟ್ಟಲಾರದವರ ಜೊತೆ ದಾರಿಯಲ್ಲೇ ಕುಳಿತವರಿಗೋ? ಬೆಟ್ಟಕ್ಕೆ ಬರುವ ಪ್ರತಿಯೊಬ್ಬ ಭಕ್ತನಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಬೇಸಿಗೆಯ ಒಂದು ದಿನ ಕುರುಗೋಡಿನಿಂದ ಒಂದು ಕುಟುಂಬ ಹೊರಟಿತೆನ್ನಿ. ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು, ಕಂಪ್ಲಿಯ ಬಳಿ ತುಂಗಭದ್ರೆ ದಾಟಿ, ಗಂಗಾವತಿ ಮೇಲೆ ಆನೆಗೊಂದಿ ಸೀಮೆಗೆ ಬಂದಿತು. ಅಂಜನಾದ್ರಿಯ 575 ಮೆಟ್ಟಿಲು ಅಜ್ಜಿಯ ಮೊಣಕಾಲಿಗೆ ಆಗದ ಮಾತು. ಆಕೆಯ ಆಸೆಯೆಲ್ಲ ಪಂಪಾ ಸರೋವರದ ಮೇಲೆ. ಮಾನಸ, ಬಿಂದು, ನಾರಾಯಣ, ಪುಷ್ಕರಗಳ ಜೊತೆ ಪಂಚ ಸರೋವರಗಳಲ್ಲಿ ಒಂದೆಂದು ಹೆಸರಾದ ನೀರು ಅದು. ಹನುಮಪ್ಪನ ದರ್ಶನ ಮುಗಿಸಿ ಎಲ್ಲರೂ ಇಳಿದು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಸರೋವರಕ್ಕೆ ನಡೆದೇ ಹೋಗುವುದು ಆ ಮನೆಯ ಪದ್ಧತಿ. ದಾರಿಯ ಎರಡೂ ಕಡೆ ಕಾದ ಬಂಡೆಗಲ್ಲಿನ ಗುಡ್ಡ. ಅರ್ಧ ದಾರಿಗೆ ಅಜ್ಜಿ ಒಂದು ಮರದ ನೆರಳಲ್ಲಿ ಕುಳಿತುಬಿಟ್ಟಳು.

"ನನ್ನ ಕಾಲು ಬರವಲ್ವು. ನೀವು ಹೋಗ್ರೆಪ್ಪಾ, ನಾ ಇಲ್ಲೇ ಕುಂದರ್ತೀನಿ."

ಮೊಮ್ಮಗ ಪಕ್ಕದಲ್ಲೇ ಕುಳಿತ. ಅಜ್ಜಿಗೆ ಕಣ್ಣು ತುಂಬಿತು. "ಹರಕಿ ಹೊತ್ತಾಂವ ನೀನು. ನನ್ನ ಸಲುವಾಗಿ ನಿನಗ್ಯಾಕ ಪಾಪ?"

ಪಾಪ ಬಂತೇ? ಹರಕೆಯೆಂದರೆ ದೇವರಿಗೆ ಕೊಟ್ಟ ಮಾತು, ಅದನ್ನು ತಾನೇ ತೀರಿಸಬೇಕು ಎಂಬುದು ನಿಜ. ಆದರೆ ಹರಕೆಗೆ ಇನ್ನೊಂದು ಗಳಿಗೆ ಸಿಗುತ್ತದೆ. ಸರೋವರ ಎಲ್ಲಿಗೂ ಓಡಿಹೋಗದು. ಬಿಸಿಲಲ್ಲಿ ಸೋತ ಜೀವಕ್ಕೆ ನೀರು, ನೆರಳು, ಜೊತೆ ಬೇಕಾದದ್ದು ಈಗಲೇ.

ಹಾಗಂತ ಕುಳಿತವರೆಲ್ಲ ಪುಣ್ಯವಂತರಲ್ಲ. ನಡೆಯಲು ಬೇಸರವಾಗಿ ಕುಳಿತು ಅದಕ್ಕೆ ಸೇವೆಯ ಹೆಸರಿಟ್ಟರೆ ದೇವರಿಗೆ ತಿಳಿಯದೇ? "ನಿನ್ನಿಂದ ನನಗೆ ತಪ್ಪಿತು" ಎಂದು ಮುಖ ಗಂಟಿಕ್ಕಿ ಕುಳಿತರೆ ಅಜ್ಜಿಯನ್ನು ಬಿಸಿಲಿಗಿಂತ ಅದೇ ಹೆಚ್ಚು ಸುಡುತ್ತದೆ. ಮುಂದೆ ಹೋದವರಿಗೂ ಒಂದು ಧರ್ಮವುಂಟು: ಬೇಗ ಮರಳಿ ಬಂದು, "ಈಗ ನೀ ಹೋಗಿ ಬಾ, ನಾ ಇರ್ತೀನಿ" ಅನ್ನಬೇಕು. ಆಗ ಹರಕೆಯೂ ಸಲ್ಲುತ್ತದೆ, ಮುದಿಜೀವವೂ ಒಂಟಿಯಾಗದು.

ಇನ್ನು ದಡ ಮುಟ್ಟಲಾರದ ಅಜ್ಜಿಯ ಗತಿ? ಆ ಸರೋವರದ ಕಥೆಯೇ ಉತ್ತರ ಹೇಳುತ್ತದೆ. ಮತಂಗರ ಆಶ್ರಮದ ಋಷಿಗಳು ಶಬರಿಯ ಸೇವೆ ಪಡೆದು, ರಾಮನು ಚಿತ್ರಕೂಟದಲ್ಲಿದ್ದ ಕಾಲಕ್ಕೆ ಸ್ವರ್ಗಕ್ಕೆ ಹೋದರು. ಶಬರಿ ಹಿಂದೆ ಉಳಿದಳು. ಪಂಪೆಯ ದಡದ ಕಾಡಿನ ಹಣ್ಣು ಹಂಪಲು ಕೂಡಿಟ್ಟುಕೊಂಡು ಕಾದಳು. ಮುಂದೆ ಹೋದವರು ದೊಡ್ಡವರೇ. ಆದರೆ ಸ್ವಾಮಿ ನಡೆದು ಬಂದದ್ದು ಹಿಂದುಳಿದ ಮುದುಕಿಯ ಬಳಿಗೆ. ಕಾಲು ಸೋತರೆ ಭಕ್ತಿ ಸೋತಂತಲ್ಲ.

ಜೊತೆಗೆ ಕುಳಿತ ಮೊಮ್ಮಗನಿಗೆ ಉತ್ತರ ಅವನ ಊರಲ್ಲೇ ಇದೆ. ಶಿವಾಲಯಗಳಲ್ಲಿ ಬಸವಣ್ಣ ಗರ್ಭಗುಡಿಯೊಳಗೆ ಹೋಗದೆ, ಎದುರಿಗೆ ಕುಳಿತು ಕಾಯುತ್ತಾನೆ. ಹಾಗೆ ಕಾದು ಕುಳಿತವನನ್ನೇ ಕುರುಗೋಡಿನ ಜನ ದೊಡ್ಡಬಸವೇಶ್ವರನೆಂದು ಗುಡಿಯ ಮುಖ್ಯ ದೈವವಾಗಿ ಪೂಜಿಸುತ್ತಾರೆ. ಕಾಯುವವನು ಹೊರಗಿನವನಾಗಿದ್ದರೆ ಅವನಿಗೆ ಆರತಿ ಏಕೆ?

ಮನೆಯವರು ಸರೋವರದಿಂದ ಚೊಂಬಿನಲ್ಲಿ ನೀರು ತಂದರು. ಅಜ್ಜಿ ಅದನ್ನು ಮೊದಲು ಮೊಮ್ಮಗನ ತಲೆಗೆ ಚಿಮುಕಿಸಿ, ಆಮೇಲೆ ತನ್ನ ಕಣ್ಣಿಗೆ ಒತ್ತಿಕೊಂಡಳು. "ಇನ್ನ ನೀ ಹೋಗಿ ಬಾ, ನನ್ನಪ್ಪ" ಅಂದಳು. ಅವನು ಎದ್ದು ನಡೆದ.

ಜೊತೆಗೆ ಬಂದವರನ್ನು ದಾರಿಯಲ್ಲಿ ಬಿಡದವನ ಯಾತ್ರೆಯೇ ಪೂರ್ಣ ಯಾತ್ರೆ. ಸರ್ವರಿಗೂ ಶುಭವಾಗಲಿ.